ಅಗೆಯುವವರೂ ಕೂರುವವರೂ: ಒಮಾನಿನಲ್ಲೊಂದು ಆರಾಮದ ವಿನ್ಯಾಸ



ಕನ್ನಡದ ‘ಆರಾಮ’ ಎಂಬ ಪದಕ್ಕೆ ಎರಡು ತವರುಮನೆಗಳಿವೆ. ಉತ್ತರ ಕರ್ನಾಟಕದವರು ಎದುರಾದಾಗ ‘ಆರಾಮ ಇದ್ದೀರೇನ್ರೀ’ ಎಂದು ವಿಚಾರಿಸುವಲ್ಲಿ ಪಾರಸಿಯಿಂದ ಬಂದ ನೆಮ್ಮದಿಯ ಅರ್ಥವಿದೆ. ಸಂಸ್ಕೃತ ಮತ್ತು ಪಾಲಿ ಭಾಷೆಗಳಲ್ಲಿ ಅದೇ ಪದಕ್ಕೆ ತೋಟ, ಉಪವನ ಎಂಬ ಅರ್ಥ. ಬೌದ್ಧ ಭಿಕ್ಷುಗಳ ವಸತಿಗೆ ಸಂಘಾರಾಮ ಎಂಬ ಹೆಸರು ಬಂದದ್ದು ಈ ಎರಡನೆಯ ಅರ್ಥದಿಂದ. ಮಗಧದ ಬಿಂಬಿಸಾರ ಬುದ್ಧನ ಸಂಘಕ್ಕೆ ಕೊಟ್ಟದ್ದು ವೇಣುವನವೆಂಬ ಬಿದಿರಿನ ತೋಪು. ವೈದ್ಯನಾದ ಜೀವಕ ಕೊಟ್ಟದ್ದು ರಾಜಗೃಹದ ತನ್ನ ಮಾವಿನ ತೋಪು. ಶ್ರಾವಸ್ತಿಯ ವರ್ತಕ ಅನಾಥಪಿಂಡಿಕ ನೆಲಕ್ಕೆ ನಾಣ್ಯ ಹಾಸಿ ಜೇತವನವನ್ನು ಕೊಂಡನೆಂಬ ಕಥೆಯನ್ನು ಭರ್ಹುತ್ ಸ್ತೂಪದ ಶಿಲ್ಪಿಗಳು ಕಲ್ಲಿನಲ್ಲಿ ಕಡೆದಿಟ್ಟಿದ್ದಾರೆ. ಬೌದ್ಧ ವಿಹಾರದ ಚರಿತ್ರೆಯಲ್ಲಿ ಕಟ್ಟಡ ನಂತರ ಬಂದದ್ದು. ಮೊದಲು ಇದ್ದದ್ದು ತೋಟ.

ಒಮಾನಿನಲ್ಲಿ ಇಂಥದೊಂದು ಆರಾಮವನ್ನು ಕಟ್ಟುವುದಾದರೆ ಅದು ಹೇಗಿರಬೇಕು ಎಂಬುದು ಈ ಉಪನ್ಯಾಸದ ವಿಷಯ. ಇಲ್ಲಿ ವಿವರಿಸುವ ಕಟ್ಟಡ ಎಲ್ಲಿಯೂ ಎದ್ದು ನಿಂತಿಲ್ಲ, ಅದೊಂದು ಪ್ರಸ್ತಾವ. ಬೌದ್ಧ ಧ್ಯಾನವನ್ನೂ ತೋಟಗಾರಿಕೆಯ ಚಿಕಿತ್ಸೆಯನ್ನೂ ಒಂದೇ ಸೂರಿನಡಿ ತರುವ ಧ್ಯಾನಧಾಮಗಳು ಇಂದು ವಾಸ್ತುಶಿಲ್ಪಿಗಳ ಪ್ರಿಯವಾದ ವಸ್ತು. ಅಂಥ ನಕ್ಷೆಗಳಲ್ಲಿ ನೀರು, ನೆರಳು, ಕಲ್ಲು, ಮೌನ ಎಲ್ಲಕ್ಕೂ ಜಾಗವಿರುತ್ತದೆ. ಆ ತೋಟವನ್ನು ಅಗೆದು, ಹದಮಾಡಿ, ನೀರುಣಿಸುವವನಿಗೆ ಮಾತ್ರ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಕೊಲ್ಲಿಯ ನಾಡುಗಳಲ್ಲಿ ಈ ಗೈರುಹಾಜರಿ ಇನ್ನಷ್ಟು ಎದ್ದು ಕಾಣುತ್ತದೆ. 2020ರ ಜನಗಣತಿಯ ಪ್ರಕಾರ ಒಮಾನಿನ ನಿವಾಸಿಗಳಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಮಂದಿ ವಿದೇಶೀಯರು. ಕಟ್ಟುವ, ಅಗೆಯುವ, ಗುಡಿಸುವ ಕೆಲಸದ ಬಹುಪಾಲು ಅವರದೇ. ಅವರಲ್ಲಿ ಕನ್ನಡಿಗರೂ ಇದ್ದಾರೆ: ಕಚೇರಿಯ ತಂಪಿನಲ್ಲಿ ಕೂತವರು, ಬಿಸಿಲಿಗೆ ಮೈಯೊಡ್ಡಿದವರು, ಇಬ್ಬರೂ.

ಆದ್ದರಿಂದ ಇಂಥ ಕಟ್ಟಡದ ಮುಂದೆ ನಿಂತು ಕೇಳಬೇಕಾದ ಮೊದಲ ಪ್ರಶ್ನೆ ಇದು: ಇಲ್ಲಿ ಕೂರುವವರು ಯಾರು, ಅಗೆಯುವವರು ಯಾರು?

ಈ ಪ್ರಶ್ನೆಯನ್ನು ಹೊರಗಿನಿಂದ ತಂದು ಬೌದ್ಧ ಪರಂಪರೆಯ ಮೇಲೆ ಹೇರಬೇಕಾಗಿಲ್ಲ. ಅದು ವಿನಯಪಿಟಕದ ಒಳಗೇ ಇದೆ. ಭಿಕ್ಷುಗಳ ನಿಯಮಗಳಲ್ಲಿ ಪಾಚಿತ್ತಿಯ ಎಂಬ ವರ್ಗದ ಹತ್ತನೆಯದು ನೆಲವನ್ನು ಅಗೆಯುವುದನ್ನು ನಿಷೇಧಿಸುತ್ತದೆ; ಹನ್ನೊಂದನೆಯದು ಗಿಡಮರಗಳಿಗೆ ಹಾನಿ ಮಾಡುವುದನ್ನು. ಆಳವಿ ಎಂಬ ಊರಿನಲ್ಲಿ ಭಿಕ್ಷುಗಳು ತಾವೇ ಅಗೆಯತೊಡಗಿದಾಗ, ಮಣ್ಣಿನಲ್ಲಿ ಜೀವವಿದೆಯೆಂದು ನಂಬಿದ್ದ ಜನ ಆಕ್ಷೇಪಿಸಿದರೆಂದೂ ಅದರಿಂದ ನಿಯಮ ಹುಟ್ಟಿತೆಂದೂ ಗ್ರಂಥ ಹೇಳುತ್ತದೆ. ನಿಯಮದ ಹಿಂದೆ ಇರುವುದು ಅಹಿಂಸೆಯ ಸೂಕ್ಷ್ಮ. ಆದರೆ ತೋಟದಲ್ಲೇ ವಾಸಿಸುವವರು ನೆಲ ಅಗೆಯುವಂತಿಲ್ಲವೆಂದರೆ, ಅಗೆಯುವುದಕ್ಕೆ ಬೇರೆಯವರು ಬೇಕು.

ಆ ಬೇರೆಯವರಿಗೂ ವಿನಯದಲ್ಲಿ ಹೆಸರಿದೆ: ಆರಾಮಿಕರು. ಮಹಾವಗ್ಗದಲ್ಲಿ ಪಿಲಿಂದವಚ್ಛ ಎಂಬ ಸ್ಥವಿರನ ಪ್ರಸಂಗ ಬರುತ್ತದೆ. ರಾಜಗೃಹದ ಬೆಟ್ಟವೊಂದರಲ್ಲಿ ಗುಹೆ ಮಾಡಿಕೊಳ್ಳಲೆಂದು ಆತ ಜಾಗ ತೆರವು ಮಾಡಿಸುತ್ತಿದ್ದಾಗ ಬಿಂಬಿಸಾರ ಬಂದು, ನಿಮಗೊಬ್ಬ ಆರಾಮಿಕನನ್ನು ಕೊಡಲೇ ಎಂದು ಕೇಳುತ್ತಾನೆ. ಬುದ್ಧನ ಅನುಮತಿ ದೊರೆಯುತ್ತದೆ. ಆದರೆ ಅರಸ ಕೊಟ್ಟ ಮಾತನ್ನು ಮರೆಯುತ್ತಾನೆ. ನೆನಪಾಗುವ ಹೊತ್ತಿಗೆ ಐನೂರು ದಿನಗಳು ಕಳೆದಿರುತ್ತವೆ. ದಿನಕ್ಕೊಬ್ಬರಂತೆ ಐನೂರು ಮಂದಿಯನ್ನು ಕೊಡುತ್ತಾನೆ. ಅವರೆಲ್ಲ ನೆಲೆಸಿದ ಊರಿಗೆ ಆರಾಮಿಕಗ್ರಾಮವೆಂದೇ ಹೆಸರು ಬೀಳುತ್ತದೆ. ದಾನವಾಗಿ ಬಂದ ಆ ಐನೂರು ಜನರ ಇಷ್ಟಾನಿಷ್ಟವನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಧ್ಯಾನಸ್ಥರ ಪಕ್ಕದಲ್ಲೇ ದುಡಿಯುವವರ ಊರೊಂದು ಇತ್ತೆಂಬುದನ್ನು ಗ್ರಂಥ ಮುಚ್ಚಿಡದೆ ಹೇಳುತ್ತದೆ. ಇಂದಿನ ಕೊಲ್ಲಿ ನಗರಗಳ ಅಂಚಿನ ಕಾರ್ಮಿಕ ಶಿಬಿರಗಳನ್ನು ಬಲ್ಲವರಿಗೆ ಆರಾಮಿಕಗ್ರಾಮ ಅಪರಿಚಿತವೆನಿಸದು.

ಬೌದ್ಧ ಪರಂಪರೆ ಇಲ್ಲಿಗೇ ನಿಲ್ಲಲಿಲ್ಲ. ಚೀನದ ತಾಂಗ್ ಕಾಲದ ಚಾನ್ ಗುರು ಬೈಝಾಂಗ್, ಕ್ರಿ.ಶ. 814ರಲ್ಲಿ ತೀರಿಕೊಂಡವನು, ಮಠದ ಹೊಲದ ದುಡಿಮೆಯಲ್ಲಿ ಗುರುಶಿಷ್ಯರೆಲ್ಲರೂ ಪಾಲ್ಗೊಳ್ಳಬೇಕೆಂಬ ಪದ್ಧತಿಗೆ ಹೆಸರಾದನು. ಮುಪ್ಪಿನಲ್ಲಿ ಆತ ದಣಿಯುವುದನ್ನು ನೋಡಲಾಗದ ಶಿಷ್ಯರು ಸಲಕರಣೆಗಳನ್ನು ಅಡಗಿಸಿಟ್ಟಾಗ, ದುಡಿಯದ ದಿನ ತನಗೆ ಊಟವೂ ಬೇಡವೆಂದು ಕುಳಿತನಂತೆ. ಕನ್ನಡಿಗರಿಗೆ ಈ ನಿಲುವು ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂದು ಕರೆದದ್ದು ಇದರ ಹತ್ತಿರದ ಬಂಧು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಿರುಗಿಸಿ ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ ದುಡಿಮೆಗೆ ಘನತೆಯೂ ಇದೆ, ಮಿತಿಯೂ ಇದೆ. ಮಿತಿಯ ಮಾತು ಇಲ್ಲಿ ಮುಖ್ಯ. ಬಿಸಿಲಿನ ನಾಡಿನಲ್ಲಿ ಅದು ಜೀವ ಉಳಿಸುವ ಮಾತು.

ವೈದ್ಯಕೀಯ ಚರಿತ್ರೆಯೂ ಇದೇ ಪ್ರಶ್ನೆಯನ್ನು ಮುಟ್ಟಿದೆ. 1812ರಲ್ಲಿ ಅಮೆರಿಕದ ವೈದ್ಯ ಬೆಂಜಮಿನ್ ರಷ್ ಮನೋರೋಗಗಳ ಕುರಿತು ಬರೆದ ಗ್ರಂಥದಲ್ಲಿ ಒಂದು ಗಮನಾರ್ಹ ಅವಲೋಕನವಿದೆ. ಆಸ್ಪತ್ರೆಯಲ್ಲಿ ಸೌದೆ ಕಡಿಯುವ, ತೋಟ ಅಗೆಯುವ ರೋಗಿಗಳು ಹಲವು ಬಾರಿ ಗುಣಮುಖರಾಗುತ್ತಾರೆ. ಅಂತಸ್ತಿನ ಕಾರಣದಿಂದ ಅಂಥ ಕೆಲಸದಿಂದ ವಿನಾಯಿತಿ ಪಡೆದವರು ಗೋಡೆಗಳ ನಡುವೆ ಕೊರಗುತ್ತ ಉಳಿಯುತ್ತಾರೆ ಎಂಬುದು ಅದರ ತಾತ್ಪರ್ಯ. ತೋಟಗಾರಿಕಾ ಚಿಕಿತ್ಸೆಯ ಇತಿಹಾಸಕಾರರು ಇದನ್ನು ಆ ಶಾಸ್ತ್ರದ ಆರಂಭದ ದಾಖಲೆಗಳಲ್ಲೊಂದೆಂದು ಎಣಿಸುತ್ತಾರೆ. 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನ ಇನ್ನೊಂದು ಮೈಲಿಗಲ್ಲು. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದರು. ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು, ಬರೀ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಪ್ರಬಲ ನೋವುನಿವಾರಕಗಳನ್ನೂ ಕಡಿಮೆ ಬಳಸಿದರು. ಧ್ಯಾನದ ಕಡೆಯಿಂದ ನೋಡಿದರೆ, 1979ರಲ್ಲಿ ಜಾನ್ ಕಬಾಟ್-ಝಿನ್ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಬೌದ್ಧ ಮೂಲದ ಅಭ್ಯಾಸಗಳನ್ನು ಧಾರ್ಮಿಕ ಚೌಕಟ್ಟಿನಿಂದ ಬಿಡಿಸಿ ರೋಗಿಗಳಿಗೆ ಕಲಿಸತೊಡಗಿದರು. ಕರ್ನಾಟಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯಕೀಯ ಪುನರ್ವಸತಿ ವಿಭಾಗದ ತರಬೇತಿಗಳಲ್ಲಿ ತೋಟಗಾರಿಕೆಯೂ ಒಂದು.

ಇಲ್ಲಿಯೇ ಎಚ್ಚರವೂ ಬೇಕು. ಹಳೆಯ ಮನೋರೋಗಿಗಳ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಹೆಸರಿನಲ್ಲಿ ಬಿಟ್ಟಿ ದುಡಿಮೆ ನಡೆದದ್ದೂ ಇದೆ. ಅಗೆಯುವುದು ಗುಣಕಾರಿ ನಿಜ. ಆದರೆ ಬೇಕೆಂದಾಗ ಗುದ್ದಲಿ ಹಿಡಿಯುವ, ಬೇಡವೆಂದಾಗ ಕೆಳಗಿಡುವ ಸ್ವಾತಂತ್ರ್ಯ ಇದ್ದವನಿಗೆ ಮಾತ್ರ. ಹತ್ತು ತಾಸು ಬಿಸಿಲಿನಲ್ಲಿ ಕಾಲುವೆ ತೋಡಿದವನನ್ನು ಕರೆದು, ಮಣ್ಣಿನ ಸ್ಪರ್ಶದಿಂದ ಮನಸ್ಸು ಹಗುರವಾಗುತ್ತದೆಂದು ಉಪದೇಶಿಸುವುದು ಕ್ರೂರ ಹಾಸ್ಯ. ಅವನಿಗೆ ಬೇಕಾದದ್ದು ಕೂರಲು ಜಾಗ. ಮಣ್ಣು ಮುಟ್ಟಬೇಕಾದವರು ಇಡೀ ದಿನ ಪರದೆಯ ಮುಂದೆ ಕೂತವರು.

ಈ ಪ್ರಸ್ತಾವದ ತಿರುಳು ಇಷ್ಟೇ: ಕೂತವರು ಅಗೆಯಲಿ, ಅಗೆದವರು ಕೂರಲಿ. ಕಟ್ಟಡದ ಪ್ರತಿಯೊಂದು ಗೋಡೆ, ಬಾಗಿಲು, ವೇಳಾಪಟ್ಟಿ ಈ ಅದಲುಬದಲನ್ನು ಸಾಧ್ಯವಾಗಿಸಬೇಕು.

ಒಮಾನಿನ ಋತುಮಾನ ಇದಕ್ಕೆ ಅಚ್ಚರಿಯೆನಿಸುವಷ್ಟು ಅನುಕೂಲವಾಗಿದೆ. ಬೌದ್ಧ ವಿಹಾರಗಳು ಬೆಳೆದದ್ದು ವರ್ಷಾವಾಸದಿಂದ. ಮಳೆಗಾಲದಲ್ಲೂ ತಿರುಗಾಡುವ ಭಿಕ್ಷುಗಳು ಹಸಿರನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಾರೆಂದು ಜನ ಆಕ್ಷೇಪಿಸಿದಾಗ, ಮೂರು ತಿಂಗಳು ಒಂದೆಡೆ ನೆಲೆ ನಿಲ್ಲಬೇಕೆಂಬ ನಿಯಮ ಬಂದಿತು. ಒಮಾನಿನ ಉತ್ತರದಲ್ಲಿ ಮನುಷ್ಯನನ್ನು ನಿಲ್ಲಿಸುವುದು ಮಳೆಯಲ್ಲ, ಬಿಸಿಲು. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿನ ಕಾರ್ಮಿಕ ನಿಯಮ ವಿಧಿಸುತ್ತದೆ. 2008ರ ಸಚಿವಾಲಯದ ಆದೇಶದಲ್ಲಿ ಅದು ಸೇರಿದೆ. ವರ್ಷಾವಾಸವೂ ಮೂರು ತಿಂಗಳು, ಈ ಬಿಡುವೂ ಮೂರು ತಿಂಗಳು. ಕಾನೂನು ಮೂರು ತಾಸುಗಳನ್ನೇನೋ ಕೊಟ್ಟಿದೆ. ಆ ಮೂರು ತಾಸುಗಳನ್ನು ಕಳೆಯಲು ಸೂರು ಎಲ್ಲಿದೆ? ಕಟ್ಟಡದ ನೆರಳಿನಲ್ಲಿ ರಟ್ಟು ಹಾಸಿ ಮಲಗಿದವರನ್ನು, ಮೇಲ್ಸೇತುವೆಯ ಕೆಳಗೆ ಒರಗಿದವರನ್ನು ಕೊಲ್ಲಿಯಲ್ಲಿ ಬದುಕಿದ ಯಾರೂ ಕಾಣದಿರಲಾರರು. ಒಮಾನಿನ ಆರಾಮ ಮೊಟ್ಟಮೊದಲಿಗೆ ಈ ಬೇಸಿಗೆವಾಸಕ್ಕೆ ಕಟ್ಟಿದ ಮನೆಯಾಗಬೇಕು.

ತೋಟದ ಕಾಲ ಇದಕ್ಕೆ ತದ್ವಿರುದ್ಧ. ಅಲ್ಲಿ ತರಕಾರಿ ಬಿತ್ತುವುದು ಸೆಕೆ ಇಳಿಯುವ ಅಕ್ಟೋಬರಿನ ಹೊತ್ತಿಗೆ. ಮಾರ್ಚ್ ಕಳೆಯುತ್ತಲೇ ಬೆಳೆ ಬಾಡತೊಡಗುತ್ತದೆ. ವರ್ಷ ತಾನಾಗಿಯೇ ಎರಡು ಪಾಲಾಗುತ್ತದೆ: ಬೇಸಿಗೆ ಕೂರುವ ಕಾಲ, ಚಳಿಗಾಲ ಅಗೆಯುವ ಕಾಲ. ಬೇಸಿಗೆಯ ಮಧ್ಯಾಹ್ನ ಸಭಾಂಗಣ ಕಾರ್ಮಿಕರದು. ಚಳಿಗಾಲದ ರಜಾದಿನಗಳಲ್ಲಿ ಗುದ್ದಲಿ ಎಂಜಿನಿಯರರದು, ಲೆಕ್ಕಿಗರದು, ಶಿಕ್ಷಕರದು.

ಎಲ್ಲಿ ಕಟ್ಟಬೇಕೆಂಬುದೂ ರಾಜಕೀಯ ಪ್ರಶ್ನೆಯೇ. ಧ್ಯಾನಧಾಮವೆಂದೊಡನೆ ಕಣ್ಣಿಗೆ ಬರುವುದು ಜಬಲ್ ಅಖ್ದರ್, ಅಂದರೆ ಹಸಿರು ಬೆಟ್ಟ. ಸುಮಾರು 2000 ಮೀಟರ್ ಎತ್ತರದ ಸೈಖ್ ಪ್ರಸ್ಥಭೂಮಿ, ಮೆಟ್ಟಿಲು ಹೊಲಗಳು, ದಾಳಿಂಬೆ, ವಸಂತದಲ್ಲಿ ಅರಳುವ ಗುಲಾಬಿ, ಅದರಿಂದ ಬಟ್ಟಿಯಿಳಿಸುವ ಪನ್ನೀರು. ಆದರೆ ಆ ಬೆಟ್ಟದ ಬುಡದಲ್ಲಿ ಪೊಲೀಸ್ ತಪಾಸಣಾ ಠಾಣೆಯಿದೆ. ರಸ್ತೆಯ ಕಡಿದಾದ ಏರಿಳಿತದ ಕಾರಣ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲವಿರುವ ವಾಹನಗಳನ್ನಷ್ಟೇ ಮೇಲೆ ಬಿಡುತ್ತಾರೆ. ಸುರಕ್ಷತೆಗೆ ಅದು ಸರಿಯೇ. ಅಂಥ ವಾಹನ ಇಲ್ಲದವನಿಗೆ ಅಲ್ಲಿನ ಧ್ಯಾನವೂ ದೂರವೇ. ಈ ಪ್ರಸ್ತಾವದ ಆರಾಮ ಇರಬೇಕಾದದ್ದು ಮಸ್ಕತ್ತಿನ ರುಸೈಲ್ ಅಥವಾ ಘಲಾದಂಥ ಕೈಗಾರಿಕಾ ಪ್ರದೇಶಗಳ ಬಳಿ, ಸೊಹಾರ್ ಬಂದರಿನ ಬಳಿ. ನಡೆದು ತಲುಪಬಹುದಾದಲ್ಲಿ, ಬಸ್ಸು ನಿಲ್ಲುವಲ್ಲಿ. ವಾದಿಯ ಪಾತ್ರವನ್ನು, ಅಂದರೆ ಒಣಗಿದ ಹಳ್ಳದ ಹಾಸನ್ನು, ಮಾತ್ರ ಬಿಡಬೇಕು. 2007ರ ಗೋನು, 2021ರ ಶಾಹೀನ್ ಚಂಡಮಾರುತಗಳು ಒಣ ವಾದಿಗಳು ಹೇಗೆ ಉಕ್ಕುತ್ತವೆಂಬುದನ್ನು ಕಲಿಸಿವೆ.

ನೀರಿನ ವಿಷಯದಲ್ಲಿ ಗುರು ಒಮಾನೇ. ಬೆಟ್ಟದ ಬುಡದ ನೀರನ್ನು ಸುರಂಗದಲ್ಲಿ, ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಊರಿಗೆ ಹರಿಸುವ ಫಲಜ್ ವ್ಯವಸ್ಥೆ ಅಲ್ಲಿ ಇಂದಿಗೂ ಸುಮಾರು 3000 ಕಡೆ ಜೀವಂತವಾಗಿದೆ. ನಿಜ್ವಾದ ದಾರಿಸ್ ಸೇರಿದಂತೆ ಐದು ಫಲಜ್‌ಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆಯ ಮೇಲ್ತುದಿಯಲ್ಲಿ ಯಾರು ಬೇಕಾದರೂ ಕುಡಿಯುವ ನೀರು ತುಂಬಿಕೊಳ್ಳಬಹುದು, ಮಸೀದಿ, ಸ್ನಾನ ಆಮೇಲೆ, ತೋಟಗಳು ಕೊನೆಗೆ. ತೋಟದ ಪಾಲನ್ನು ಅಳೆಯುವುದು ಹೊತ್ತಿನಿಂದ. ಅಥರ್ ಎಂಬುದು ಅರ್ಧ ತಾಸಿನ ಪಾಲು. ಹಗಲು ನೆರಳುಗಡಿಯಾರ, ಇರುಳು ನಕ್ಷತ್ರ ನೋಡಿ ಸರದಿ ನಿರ್ಧರಿಸುತ್ತಿದ್ದರು. ಕನ್ನಡ ನಾಡಿಗೂ ಈ ವಿದ್ಯೆ ಬಂದಿತ್ತು. ಬೀದರಿನ ನೌಬಾದಿನ ಬಳಿ ಬಹಮನಿ ಕಾಲದ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ, ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ನೆಲದಡಿ ಸಾಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಗುಡ್ಡಗಳಲ್ಲಿ ರೈತರೇ ಕೊರೆದ ಸುರಂಗಗಳು ಇನ್ನೂ ತೋಟಗಳಿಗೆ ನೀರುಣಿಸುತ್ತಿವೆ. ಪರರ ತೋಟದಲ್ಲಿ ಕೂಲಿ ಮಾಡುತ್ತಿದ್ದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು, ತಮಗೆ ದೊರೆತ ಬೋಳು ಗುಡ್ಡದಲ್ಲಿ ಹಲವು ಸುರಂಗಗಳು ವಿಫಲವಾದರೂ ಬಿಡದೆ ಒಬ್ಬರೇ ಕೊರೆದು ನೀರು ತಂದು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅಗೆಯುವುದಕ್ಕೂ ಘನತೆಗೂ ಇರುವ ಸಂಬಂಧಕ್ಕೆ ಬೇರೆ ಸಾಕ್ಷಿ ಬೇಡ. ನಗರದಂಚಿನ ಹೊಸ ಕಟ್ಟಡಕ್ಕೆ ಫಲಜ್ ಸಿಗಲಾರದು. ಸಂಸ್ಕರಿಸಿದ ತ್ಯಾಜ್ಯನೀರು ಸಿಗಬಹುದು. ಆದರೆ ಫಲಜಿನ ನೀತಿಯನ್ನು ಎಲ್ಲಿಯೂ ಪಾಲಿಸಬಹುದು: ಬಾಗಿಲಲ್ಲೇ, ಬೇಲಿಯ ಹೊರಗಿನವರಿಗೂ ಎಟಕುವಂತೆ ಕುಡಿಯುವ ನೀರು, ಅಲಂಕಾರದ ಕೊಳಕ್ಕೆ ಮಾತ್ರ ಒಂದು ಹನಿಯೂ ಇಲ್ಲ.

ಇನ್ನು ಕಟ್ಟಡದ ರೂಪ. ಸತಿಪಟ್ಠಾನ ಸುತ್ತ ಧ್ಯಾನಕ್ಕೆ ತಕ್ಕ ಮೂರು ಸ್ಥಳಗಳನ್ನು ಹೇಳುತ್ತದೆ: ಅರಣ್ಯ, ಮರದ ಬುಡ, ಬರಿದಾದ ಮನೆ. ನಕ್ಷೆಗೆ ಈ ಮೂರೇ ಸಾಕು. ಬರಿದಾದ ಮನೆಯೆಂದರೆ ನಡುವಿನ ಸಭಾಂಗಣ. ಮಸ್ಕತ್ತಿನ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಕಡಲ ತೇವವೂ ಸೇರುತ್ತದೆ. ದಪ್ಪ ಗೋಡೆಯೊಂದೇ ಕಾಯುತ್ತದೆಂಬುದು ಭ್ರಮೆ. ಆದ್ದರಿಂದ ಅರ್ಧ ನೆಲದೊಳಗೆ ಇಳಿದ, ಶಾಖ ತಡೆಯುವ ಗೋಡೆಗಳ ಈ ಒಂದು ಕೋಣೆಗೆ ಮಾತ್ರ ಏಸಿ ಇರಲಿ, ಅದು ಸೌರವಿದ್ಯುತ್ತಿನಿಂದ ನಡೆಯಲಿ. ಒಳಗೆ ಚಾಪೆ, ಮಲಗುವ ಜಗಲಿ, ಕಾಲು ತೊಳೆಯುವ ಜಾಗ. ಧ್ಯಾನ ಮಾಡಲೇಬೇಕೆಂಬ ಕಟ್ಟಳೆ ಇಲ್ಲ. ದಣಿದವನ ನಿದ್ದೆಯನ್ನು ಎಬ್ಬಿಸಿ ಉಸಿರು ಗಮನಿಸೆಂದು ಹೇಳುವವರು ಅಲ್ಲಿರಬಾರದು. ಮರದ ಬುಡವೆಂದರೆ ಅಂಗಳ. ಒಮಾನಿನಲ್ಲಿ ಘಾಫ್ ಎಂದು ಕರೆಯುವ ಮರ ಕನ್ನಡಿಗರ ಬನ್ನಿ ಮರವೇ. ವಿಜಯದಶಮಿಯಂದು ಕೈಯಿಂದ ಕೈಗೆ ದಾಟುವ ಆ ಎಲೆ ಮರಳಿನ ಅಂಚಿನಲ್ಲೂ ಕಡಿಮೆ ನೀರಿನಲ್ಲಿ ಚಿಗುರುತ್ತದೆ. ಅದರ ಸುತ್ತ ಕಟ್ಟೆ ಕಟ್ಟಬೇಕು. ಅರಣ್ಯವೆಂದರೆ ತೋಟ. ಒಮಾನಿನ ರೈತರ ಕ್ರಮದಂತೆ ಮೇಲೆ ಖರ್ಜೂರ, ಅದರ ನೆರಳಿನಲ್ಲಿ ನಿಂಬೆ, ದಾಳಿಂಬೆ, ನೆಲದಲ್ಲಿ ಸೊಪ್ಪು ತರಕಾರಿ. ಜೊತೆಗೆ ನುಗ್ಗೆ, ಕರಿಬೇವು, ತುಳಸಿ. ಕೇರಳ, ಬಂಗಾಳ, ಸಿಂಧ್, ಸಿಂಹಳದವರು ತಮ್ಮ ನೆನಪಿನ ಬೀಜ ತಂದರೆ ಅವಕ್ಕೂ ಮಡಿ. ಕೆಲವು ಮಡಿಗಳು ಸೊಂಟದೆತ್ತರ ಇರಲಿ, ಬಾಗಲಾರದವರಿಗೂ ಗಾಲಿಕುರ್ಚಿಯವರಿಗೂ ಕೈಗೆಟಕುವಂತೆ. ಮಡಿಗಳ ನಡುವಿನ ದಾರಿಯೇ ಚಂಕ್ರಮಣದ ದಾರಿ, ಅಂದರೆ ನಡೆಯುತ್ತ ಧ್ಯಾನಿಸುವ ಹಾದಿ. ಅದರ ಮೇಲೆ ಚಪ್ಪರದ ನೆರಳು ಕಡ್ಡಾಯ.

ಸಂಬಳಕ್ಕೆ ದುಡಿಯುವ ತೋಟಗಾರನೂ ಇಲ್ಲಿ ಬೇಕೇ ಬೇಕು. ಹವ್ಯಾಸಿಗಳಿಂದ ತೋಟ ಉಳಿಯದು. ಆತನ ಕೋಣೆ ಹಿತ್ತಲ ಶೆಡ್ಡಿನಲ್ಲಿ ಇರಬಾರದು, ಅಂಗಳಕ್ಕೆ ಮುಖ ಮಾಡಿರಬೇಕು. ತೋಟದಲ್ಲಿ ಆತನೇ ಗುರು. ಎಂಜಿನಿಯರು ಅವನಿಂದ ಪಾತಿ ಕಟ್ಟುವುದನ್ನು ಕಲಿಯಬೇಕು, ಅಣ್ಣಾ ಎಂದೋ ಭಾಯಿ ಎಂದೋ ಕರೆಯುತ್ತ. ನಾಡಿನಲ್ಲಿ ಅಗೆಯುವ ಜಾತಿ, ಕೂರುವ ಜಾತಿ ಎಂದು ಸಮಾಜ ಸೀಳಿದ್ದನ್ನು ಕಡಲು ದಾಟಿದ ಕನ್ನಡಿಗರು ಹಿಂದೆ ಬಿಟ್ಟು ಬಂದಿದ್ದಾರೆಂದು ಹೇಳಲಾಗದು. ಕೊಲ್ಲಿಯಲ್ಲಿ ಅದು ಪದವಿ, ವೀಸಾ, ಪಾಸ್‌ಪೋರ್ಟುಗಳ ವೇಷದಲ್ಲಿ ಮುಂದುವರಿಯುತ್ತದೆ.

ಮಧ್ಯಾಹ್ನದ ಬಿಡುವಿನ ನಿಯಮ ತಲುಪದ ಒಂದು ದೊಡ್ಡ ಗುಂಪೂ ಇದೆ: ಮನೆಗೆಲಸದ ಹೆಣ್ಣುಮಕ್ಕಳು. ಅವರ ದುಡಿಮೆ ಬಯಲಿನದಲ್ಲ; 2023ರ ಹೊಸ ಕಾರ್ಮಿಕ ಕಾನೂನಿನ ಆಚೆಗೆ, ಪ್ರತ್ಯೇಕ ನಿಯಮಗಳ ಅಡಿಯಲ್ಲಿ ಅವರಿದ್ದಾರೆ. ಅವರಿಗೆ ಬೇಕಾದದ್ದು ಬೇಸಿಗೆಯ ಮೂರು ತಾಸಿಗಿಂತ ವಾರಕ್ಕೊಂದು ಇಡೀ ದಿನ. ಶುಕ್ರವಾರ ಸಭಾಂಗಣದ ಒಂದು ಪಾಲು ಅವರಿಗೆ ಮೀಸಲಾಗಲಿ. ಊರಿಗೆ ಫೋನು ಮಾಡಲು, ತಲೆ ಬಾಚಿಕೊಳ್ಳಲು, ಅಳಬೇಕೆನಿಸಿದರೆ ಅಳಲು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯೊಂದು ಇರಲಿ.

ಮುಸ್ಲಿಮರ ನಾಡಿನಲ್ಲಿ ಬೌದ್ಧ ಕಟ್ಟಡವೇ ಎಂಬ ಸಂಶಯ ಸಹಜ. ಈ ಆರಾಮದಲ್ಲಿ ವಿಗ್ರಹ ಬೇಡ, ಸ್ತೂಪದ ಅನುಕರಣೆಯೂ ಬೇಡ. ಬುದ್ಧನಿಂದ ಇಲ್ಲಿ ಪಡೆಯುವುದು ಒಂದು ಕ್ರಮವನ್ನು, ಗುರುತನ್ನಲ್ಲ. ನಮಾಜು ಮಾಡುವವರಿಗೆ ಕಿಬ್ಲಾ ದಿಕ್ಕಿನ ಶುಭ್ರ ಜಾಗ ಇರಲೇಬೇಕು. ಒಮಾನಿನ ಕರಾವಳಿ ಹೊರಗಿನವರಿಗೆ ಅಪರಿಚಿತವಲ್ಲ. ದೋಫಾರದ ಖೋರ್ ರೋರಿಯಲ್ಲಿ ಸಾಂಬ್ರಾಣಿ ವ್ಯಾಪಾರದ ಪ್ರಾಚೀನ ಬಂದರಾದ ಸುಮ್ಹುರಾಮ್ ಅಗೆದಾಗ ಭಾರತೀಯ ಕಂಚಿನ ಸ್ತ್ರೀವಿಗ್ರಹವೊಂದು ದೊರೆಯಿತು. ವಿದ್ವಾಂಸರು ಅದನ್ನು ಶಾಲಭಂಜಿಕೆಯೆಂದು, ಮರದ ಕೊಂಬೆ ಹಿಡಿದ ಹೆಣ್ಣೆಂದು, ಗುರುತಿಸಿದ್ದಾರೆ. ಬೌದ್ಧ ಸ್ತೂಪಗಳ ತೋರಣಗಳಲ್ಲೂ ಬೇಲೂರಿನ ಗುಡಿಯಲ್ಲೂ ಕಾಣುವ ವಸ್ತುವಿದು. ಟಿಪ್ಪುವಿನ ಕಾಲದಲ್ಲಿ ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರ ಕೋಠಿಯಿತ್ತು. ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು.

ಕೊನೆಯದಾಗಿ ಒಂದು ಗಂಭೀರ ಆಕ್ಷೇಪ. ಹಕ್ಕುಗಳ ಕೊರತೆಯನ್ನು ಧ್ಯಾನದಿಂದ ತುಂಬಿಸಲಾದೀತೇ? ಆಗದು. ಒಪ್ಪಂದ ಮುಗಿದ ಕಾರ್ಮಿಕ ಬೇರೆ ಕೆಲಸಕ್ಕೆ ಸೇರಲು ಹಳೆಯ ಮಾಲೀಕನ ಒಪ್ಪಿಗೆಪತ್ರ ತರಬೇಕೆಂಬ ನಿಯಮವನ್ನು ಒಮಾನ್ 2021ರ ಜನವರಿಯಿಂದ ತೆಗೆದುಹಾಕಿತು. ಎಷ್ಟೋ ಮಂದಿಯ ಮನಸ್ಸಿಗೆ ಅದರಿಂದ ದೊರೆತ ಹಗುರವನ್ನು ಯಾವ ತೋಟವೂ ಕೊಡಲಾರದು. 1957ರಲ್ಲಿ, ಮರಣಾನಂತರ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದ ಪ್ರಸ್ತಾವನೆಯಲ್ಲಿ ಅಂಬೇಡ್ಕರ್ ಎತ್ತಿದ ಪ್ರಶ್ನೆ ಇಲ್ಲಿ ನೆನಪಾಗಬೇಕು: ಭಿಕ್ಷು ತಾನೊಬ್ಬನೇ ಪರಿಪೂರ್ಣನಾಗಬೇಕಾದವನೋ, ಸಮಾಜದ ಸೇವಕನಾಗಬೇಕಾದವನೋ? ಕಟ್ಟಡಕ್ಕೂ ಅದೇ ಪ್ರಶ್ನೆ ಸಲ್ಲುತ್ತದೆ. ಸಭಾಂಗಣದ ಪಕ್ಕದಲ್ಲಿ ಒಂದು ಮೇಜು ಇರಲಿ. ಬಾಕಿ ಸಂಬಳದ ದೂರು ಬರೆಯಲು, ಅರಬ್ಬಿಯ ಕಾಗದ ಓದಿ ಹೇಳಲು ಬಲ್ಲವರೊಬ್ಬರು ಅಲ್ಲಿ ಕೂತಿರಲಿ. ಕೂತು ದುಡಿಯುವ ಕನ್ನಡಿಗರು ಅಲ್ಲಿ ಸರದಿಯಂತೆ ಕೂರಬಹುದು. ಅದೂ ಧ್ಯಾನವೇ.

ಸಂಘಗಳು ಭವನ ಕಟ್ಟಲು ಹಣ ಕೂಡಿಸುವಾಗ, ವಾಸ್ತುಶಿಲ್ಪಿ ನಕ್ಷೆ ಹರಡಿದಾಗ, ಕೇಳಬೇಕಾದ ಪ್ರಶ್ನೆಗಳು ಕೆಲವೇ. ಇದನ್ನು ಕಟ್ಟುವ ಕೂಲಿಯಾಳು ಕಟ್ಟಿ ಮುಗಿದ ಮರುದಿನ ಒಳಗೆ ಬರಬಹುದೇ? ಜುಲೈ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ತೆರೆದಿರುತ್ತದೆಯೇ? ತೋಟಗಾರನ ಕಿಟಕಿಯಿಂದ ಮರ ಕಾಣುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಕಟ್ಟಡ ಆರಾಮವೆಂಬ ಹೆಸರಿಗೆ, ಅದರ ಎರಡೂ ಅರ್ಥದಲ್ಲಿ, ತಕ್ಕದ್ದು.